ಬೆಲ್ಟಿನ ಕೊನೆಯ ಗೇಣು

ಪಡೀಲಿನ ರೈಲ್ವೆ ಸೇತುವೆ ದಾಟಿ ಎಡಕ್ಕೆ,
ಹಳೆ ಟಯರುಗಳ ಗೋಡೆಯ ಹಿಂದೆ ಅದು ನಿಂತಿತ್ತು:
ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು,
ಕೆಂಪು.

ಕೆಂಪು ಎಂದರೆ ಮೂರು ಕೆಂಪು.
ಬಾನೆಟ್ಟಿನದು ಒಂದು, ಬಲಬಾಗಿಲಿನದು ಒಂದು,
ಡಿಕ್ಕಿಯದು ಇನ್ನೂ ಒಂದು.
ಬೇರೆಯವರಿಗೆ ಕಾಣಲಿಕ್ಕಿಲ್ಲ. ನಾನು
ಇಪ್ಪತ್ತಾರು ವರ್ಷದಿಂದ ಫಳ್ನೀರಿನ ಲ್ಯಾಬಿನಲ್ಲಿ ಕೂತು
ಕಂಡವರ ಬಾಯಿಗೆ ಹಲ್ಲು ಕಟ್ಟುವವಳು.
ಬಿಳಿಯಲ್ಲೇ ಹದಿನಾರು ಬಗೆ ಉಂಟು;
ಪಕ್ಕದ ಹಲ್ಲಿಗೆ ಹೊಂದದಿದ್ದರೆ
ನಕ್ಕದ್ದು ಸುಳ್ಳಾಗುತ್ತದೆ.

"ಬಾಯಮ್ಮ, ನಾನು ಅಡಗಿಸುವುದಿಲ್ಲ," ಎಂದರು ಹಸನಬ್ಬ,
ತೊಟ್ಟೆಯಿಂದ ಕಾಗದ ತೆಗೆದು ಬಾನೆಟ್ಟಿನ ಮೇಲೆ ಹರಡಿ.
"ಕೇರಳದ ನೆರೆಯಲ್ಲಿ ಮೂರು ದಿನ ಕೂತ ಗಾಡಿ.
ವಿಮೆಯವರು ಕೈತೊಳೆದರು, ಹರಾಜಿನಲ್ಲಿ ನಾನು ಹಿಡಿದೆ.
ಎಂಜಿನ್ ಬಿಚ್ಚಿ ಕಟ್ಟಿದ್ದೇವೆ. ಓಡುತ್ತದೆ.
ಈ ಎರಡು ಶಬ್ದ ಮಾತ್ರ ಏನು ಮಾಡಿದರೂ ಹೋಗುವುದಿಲ್ಲ."

ಟೋಟಲ್ ಲಾಸ್.
ನೀಲಿ ಶಾಯಿ, ಓರೆ ಮೊಹರು.
ಪಕ್ಕದಲ್ಲಿ ಯಾರದೋ ಅವಸರದ ರುಜು.

ಮೆಕ್ಯಾನಿಕ್ ದೂಮಣ್ಣನನ್ನು ಕರಕೊಂಡು ಹೋಗಿದ್ದೆ.
ಅವನು ಎಂಜಿನ್ ನೋಡಲೇ ಇಲ್ಲ. ಸೀಟಿನಲ್ಲಿ ಕೂತು
ಬೆಲ್ಟು ಎಳೆದ.
ಎಳೆದ, ಸೀರೆ ಅಂಗಡಿಯವನ ಹಾಗೆ ಎಳೆಯುತ್ತಲೇ ಹೋದ,
ಕೊನೆಯ ಎರಡು ಗೇಣಿನಲ್ಲಿ ಬಂತು ನೋಡಿ
ಹೊಳೆ:
ಕುಡಿದಿಟ್ಟ ಚಾದ ಲೋಟದ ತಳದಂಥ ಗೆರೆ,
ಉಗುರಲ್ಲಿ ಕೆರೆದರೆ ಉದುರುವ ಸಣ್ಣ ಕೆಸರು.
"ಬೊಡ್ಚಿ ಬಾಯಮ್ಮ," ಎಂದ.
"ನೀರು ಕುಡಿದ ಗಾಡಿ ಮರೆಯುವುದಿಲ್ಲ.
ವಯರಿಂಗಿನೊಳಗೆ ಕೂತಿರುತ್ತದೆ.
ಒಂದು ರಾತ್ರಿ ಮುಲ್ಕಿ ಸೇತುವೆಯ ಮೇಲೆ
ಎಲ್ಲ ದೀಪ ಒಟ್ಟಿಗೆ ಆರುತ್ತದೆ, ಆಗ ನನಗೆ ಫೋನು ಮಾಡಬೇಡಿ."

ಹಸನಬ್ಬ ಕೇಳಿದ್ದು ಎರಡೂಕಾಲು. ನಾನು ಒಂದು ತೊಂಬತ್ತು ಎಂದೆ.
ಅವರು ಆಕಾಶ ನೋಡಿದರು, ದೂಮಣ್ಣ ನೆಲ ನೋಡಿದ.

"ಐವತ್ತೆರಡಕ್ಕೆ ಎಂತ ಹುಚ್ಚು ನಿನಗೆ?" ತಂಗಿ ಜೆಸಿಂತಾ.
"ಆ ದುಡ್ಡಿಗೆ ಒಂದು ಆಲ್ಟೋ ಬರುತ್ತಿತ್ತು,
ಮೀನಿನ ಚೀಲ ಇಡಲಿಕ್ಕಾದರೂ ಹಿಂದೆ ಜಾಗ."
ಎಂತ ಹೇಳುವುದು.
ಆ ಸೀಟಿಗೆ ಹತ್ತುವುದಲ್ಲ, ಇಳಿಯುವುದು,
ಬಾವಿಗೆ ಇಳಿದ ಹಾಗೆ, ಒಂದು ಕೈ ಕಟ್ಟೆಯ ಮೇಲಿಟ್ಟು.
ಇಳಿದೆ. ಕಾಲು ತನ್ನಷ್ಟಕ್ಕೆ
ಪೆಡಲು ಹುಡುಕಿಕೊಂಡಿತು. ಅಷ್ಟೇ.

ಮೊದಲ ರಾತ್ರಿ ಸುರತ್ಕಲ್ ದಾಟಿ
ಮೂರನೇ ಗೇರಿನಲ್ಲಿ ಮುಳ್ಳು ಐದು ಸಾವಿರ ಮುಟ್ಟಿದಾಗ
ಬೆನ್ನಿನ ಹಿಂದೆ ಯಾರೋ ಬಟ್ಟೆ ಹರಿದಂಥ ಸದ್ದು.
ಏರ್‌ಬ್ಯಾಗಿನ ಎಚ್ಚರಿಕೆ ದೀಪ ಆರುವುದೇ ಇಲ್ಲ,
ಇಗರ್ಜಿಯ ಅಲ್ತಾರಿನ ಬಳಿ ಉರಿಯುತ್ತದಲ್ಲ, ಹಾಗೆ.
ಮುಲ್ಕಿ ಸೇತುವೆ ಬಂತು.
ಸ್ಟೀರಿಂಗ್ ಬಿಗಿಹಿಡಿದೆ.
ಯಾವ ದೀಪವೂ ಆರಲಿಲ್ಲ.
ವೈಪರ್ ಮಾತ್ರ, ನಾನು ಮುಟ್ಟಲಿಲ್ಲ,
ಒಣಗಾಜಿನ ಮೇಲೆ ಒಮ್ಮೆ ಬೀಸಿ ಮಲಗಿತು.
ಕೆಳಗೆ ಶಾಂಭವಿ ತುಂಬಿ ಹೋಗುತ್ತಿದ್ದಳು.

ಹೆಜಮಾಡಿಯ ಟೋಲಿನಲ್ಲಿ ಫಾಸ್ಟ್ಯಾಗ್ ಸತ್ತಿತ್ತು,
ಇನ್ನೂ ಹಳೆಯ ಯಜಮಾನನ ಹೆಸರು.
ಕಿಟಕಿ ಅರ್ಧಕ್ಕೆ ನಿಂತದ್ದು ಇಳಿಯಲಿಲ್ಲ.
ಬಾಗಿಲು ತೆಗೆದು, ಮಗು ಶಾಲೆಯಲ್ಲಿ ಕೈ ಎತ್ತಿದ ಹಾಗೆ
ಕೆಳಗಿನಿಂದ ನೋಟು ಎತ್ತಿ ಹಿಡಿದೆ.
ಹುಡುಗ ಬಗ್ಗಿ ನೋಡಿದ, ನನ್ನ ನರೆ, ನನ್ನ ಕನ್ನಡಕ.
"ಯಾರ ಗಾಡಿ ಆಂಟಿ?"
ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಿದ್ದ,
ಆದರೂ ನಿಧಾನಕ್ಕೆ ಹೇಳಿದೆ.

ಆದಿತ್ಯವಾರ ಪೂಜೆ ಮುಗಿಸಿ ಬಂದು
ಬೆಲ್ಟು ಪೂರ್ತಿ ಎಳೆದು ಕ್ಲಿಪ್ಪು ಸಿಕ್ಕಿಸಿ
ಲ್ಯಾಬಿನ ಬ್ರಶ್ಶಿನಿಂದ ಉಜ್ಜಿದೆ.
ಬಕೇಟಿನ ನೀರು ಮೂರು ಸಲ ಕೆಂಪಾಯಿತು.
ಯಾರ ಅಂಗಳದ ಮಣ್ಣೋ,
ನನ್ನ ಕ್ರೋಟನ್ ಬುಡಕ್ಕೆ ಸುರಿದೆ.

ಕೊನೆಯ ಒಂದು ಗೇಣು ತೊಳೆಯಲಿಲ್ಲ.
ನಾಳೆ ನಾನಿದನ್ನು ಮಾರುವಾಗ
ಕೊಳ್ಳುವವರು ಒಬ್ಬ ದೂಮಣ್ಣನನ್ನು ಕರಕೊಂಡು ಬಂದಾರು.
ಅವನು ಎಳೆಯುತ್ತಾನೆ, ಎಳೆಯುತ್ತಲೇ ಹೋಗುತ್ತಾನೆ.
ಅವನಿಗದು ಸಿಗಬೇಕು.